ಅತ್ತೆಯ ಬೋರು ಮತ್ತು ಒಂದೂವರೆ ಮಿಲಿಗ್ರಾಂ

ಕಳೆದ ಏಪ್ರಿಲ್‌ನಲ್ಲಿ ಕುಮಟಾ ಹತ್ತಿರದ ನಮ್ಮ ಅತ್ತೆಯ ಮನೆಗೆ ನೀರು ಶುದ್ಧ ಮಾಡುವ ಯಂತ್ರ ಮಾರುವ ಹುಡುಗನೊಬ್ಬ ಬಂದಿದ್ದ. ಅವತ್ತು ನಾನೂ ಅಲ್ಲೇ ಇದ್ದೆ. ಹಿಂದಿನ ಬೇಸಿಗೆಯಲ್ಲಿ ಬಾವಿಯ ತಳ ಕಂಡಿತು ಅಂತ ಮನೆಯವರು ಬೋರು ಹೊಡೆಸಿದ್ದರು. ಹುಡುಗ ಎರಡು ಲೋಟ ತರಿಸಿದ. ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಅವನದೇ ಬಾಟಲಿಯ ನೀರು. ಪೆನ್ನಿನಂಥ ಮೀಟರ್ ಅದ್ದಿದ. ಬೋರಿನ ನೀರಿಗೆ 310 ಅಂತ ತೋರಿಸಿತು. ಆಮೇಲೆ ಎರಡೂ ಲೋಟಕ್ಕೆ ಕರೆಂಟಿನ ಕಡ್ಡಿ ಇಳಿಸಿದ. ನೋಡನೋಡುತ್ತಲೇ ಬೋರಿನ ನೀರು ಜೋನಿಬೆಲ್ಲ ಕದಡಿದ ಹಾಗೆ ಕಂದಾಯಿತು. ಬಾಟಲಿಯದು ತಿಳಿಯಾಗಿಯೇ ಉಳಿಯಿತು.

"ನೋಡಿ ಅಮ್ಮಾ, ಇದೇ ಫ್ಲೋರೈಡ್. ಕುಡಿದರೆ ಮೂಳೆ ಸವೆದು ಹೋಗ್ತದೆ. ಅಮೆರಿಕದಲ್ಲೇ ಬ್ಯಾನ್ ಮಾಡಿದಾರೆ" ಅಂದ.

ಅತ್ತೆ ನನ್ನ ಮುಖ ನೋಡಿದರು. "ಹೌದಾ ತಮಾ?"

ನಾನು ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವನ ಬಾಟಲಿಯ ನೀರಿಗೆ ಹಾಕಿ, ಈಗ ಇಳಿಸಪ್ಪಾ ಅಂದೆ. ಅದೂ ಕಂದಾಯಿತು. ಹುಡುಗ ಪಾಪ, ನಕ್ಕುಬಿಟ್ಟ. ಆ ಕಂದು ಬಣ್ಣ ನೀರಿನದಲ್ಲ, ಕಬ್ಬಿಣದ ಕಡ್ಡಿಯದು. ನೀರಿನಲ್ಲಿ ಸ್ವಲ್ಪ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕಡ್ಡಿ ಕರಗಿ ತುಕ್ಕು ಬಿಡುತ್ತದೆ. ಲವಣವೆಲ್ಲ ತೆಗೆದ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಅಷ್ಟೇ. ಇನ್ನು ಆ ಪೆನ್ನು ಅಳೆಯುವುದು ಎಲ್ಲ ಲವಣಗಳ ಒಟ್ಟು ಲೆಕ್ಕ. ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಅಂದಹಾಗೆ ಒಟ್ಟು ಲವಣಕ್ಕೆ ನಮ್ಮ ದೇಶದ ಮಾನಕ ಲೀಟರಿಗೆ 500 ಮಿಲಿಗ್ರಾಂ. ಆ ಲೆಕ್ಕದಲ್ಲಿ 310 ಅಂದರೆ ಒಳ್ಳೆಯ ನೀರೇ.

ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕುಡಿಯುವ ನೀರಿನಲ್ಲಿ ಇರುವ ಪ್ರಮಾಣದಲ್ಲಿ ರುಚಿಯೂ ಇಲ್ಲ. ಕಣ್ಣಿಗೆ ತೋರಿಸುತ್ತೇನೆ ಅಂದವರನ್ನು ನಂಬುವುದು ಬೇಡ.

ಆದರೆ ಆ ಹುಡುಗ ಹೇಳಿದ್ದೆಲ್ಲ ಸುಳ್ಳು ಅಂತ ತಳ್ಳಿಹಾಕಲೂ ಬರುವುದಿಲ್ಲ. ಅವನ ಮಾತಿನಲ್ಲಿ ಮೂರು ನಿಜಗಳು ಕಲಸಿಹೋಗಿದ್ದವು. ಬೋರಿನ ನೀರಿಗೂ ಫ್ಲೋರೈಡಿಗೂ ಸಂಬಂಧ ಇದೆ. ಮೂಳೆಗೂ ಇದೆ. ಅಮೆರಿಕದಲ್ಲೂ ಏನೋ ಆಗಿದೆ. ಬಿಡಿಸಿ ನೋಡೋಣ.

ಫ್ಲೋರೈಡ್ ಬರುವುದು ಕಲ್ಲಿನಿಂದ. ಗ್ರಾನೈಟು, ನೈಸ್ ಥರದ ಗಟ್ಟಿ ಬಂಡೆಗಳಲ್ಲಿ ಫ್ಲೋರೈಟ್, ಅಪಟೈಟ್, ಅಭ್ರಕದಂಥ ಖನಿಜಗಳು ಇರುತ್ತವೆ. ಬಂಡೆಯ ಬಿರುಕಿನಲ್ಲಿ ನೀರು ವರ್ಷಗಟ್ಟಲೆ ಕೂತರೆ ಖನಿಜ ನಿಧಾನಕ್ಕೆ ಕರಗಿ ನೀರಿಗೆ ಸೇರುತ್ತದೆ. ನೀರು ಎಷ್ಟು ಹೊತ್ತು ಕಲ್ಲಿಗೆ ತಾಗಿಕೊಂಡಿತ್ತು ಅನ್ನುವುದು ಇಲ್ಲಿ ಮುಖ್ಯ. ಚಾಪುಡಿ ಬಿಸಿನೀರಿನಲ್ಲಿ ಜಾಸ್ತಿ ಹೊತ್ತು ಬಿದ್ದರೆ ಚಾ ಕಡಕ್ ಆಗುವುದಿಲ್ಲವಾ, ಹಾಗೆ. ಇದಕ್ಕೆ ಕ್ಯಾಲ್ಸಿಯಂ ಕಾವಲುಗಾರ. ನೀರಿನಲ್ಲಿ ಸುಣ್ಣದಂಶ ಚೆನ್ನಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ, ಜಾಸ್ತಿ ಏರಲು ಬಿಡುವುದಿಲ್ಲ. ಸುಣ್ಣದಂಶ ಕಡಿಮೆಯಾಗಿ, ಸೋಡಿಯಂ ಜಾಸ್ತಿಯಾಗಿ, ನೀರು ಕ್ಷಾರೀಯವಾದರೆ ಕಾವಲು ಸಡಿಲ. ಫ್ಲೋರೈಡ್ ಏರುತ್ತಾ ಹೋಗುತ್ತದೆ.

ಇದನ್ನು ನಮ್ಮ ರಾಜ್ಯದ ನಕ್ಷೆಯ ಮೇಲೆ ಇಟ್ಟು ನೋಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗಿನ ಮುಂಡರಗಿ. ಎಲ್ಲ ಕಡೆ ಗಟ್ಟಿ ಬಂಡೆ, ಕಡಿಮೆ ಮಳೆ, ಆಳದ ಬೋರು. ಹಳೆಯ ನೀರನ್ನೇ ಮತ್ತೆ ಮತ್ತೆ ಇನ್ನೂ ಆಳದಿಂದ ಎತ್ತುವುದು. ಫ್ಲೋರೈಡಿನ ತೊಂದರೆ ಇರುವುದು ಅಲ್ಲಿ.

ನಮ್ಮ ಕರಾವಳಿ ಇದಕ್ಕೆ ಪೂರಾ ಉಲ್ಟಾ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ಮೇಲೆ ತೂತುತೂತಾದ ಕೆಂಪುಕಲ್ಲು. ಜೂನ್‌ನಲ್ಲಿ ಬಿದ್ದ ನೀರು ಕೆಂಪುಕಲ್ಲಿನೊಳಗೆ ಇಳಿದು, ಬಾವಿ ತುಂಬಿ, ಹಳ್ಳ ಸೇರಿ, ಗಂಗಾವಳಿಯೋ ಅಘನಾಶಿನಿಯೋ ಹಿಡಿದು ಸಮುದ್ರಕ್ಕೆ ಹೋಗಿಬಿಡುತ್ತದೆ. ಕೂತು ಕರಗಿಸಲು ಅದಕ್ಕೆ ಪುರುಸೊತ್ತೇ ಇಲ್ಲ. ಕೆಂಪುಕಲ್ಲಿನ ನೀರು ಸ್ವಲ್ಪ ಹುಳಿ ಗುಣದ್ದು, ಅಂದರೆ ಆಮ್ಲೀಯ. ಅದೂ ಫ್ಲೋರೈಡ್ ಏರಲು ಅನುಕೂಲ ಅಲ್ಲ. ಶಿರಸಿ, ಸಿದ್ದಾಪುರದ ಗುಡ್ಡದ ಬುಡದಿಂದ ಪೈಪು ಹಾಕಿ ತರುವ ಅಬ್ಬಿ ನೀರಿನ ಕತೆಯೂ ಹೆಚ್ಚುಕಡಿಮೆ ಇದೇ. ಹೊಸ ನೀರು, ಓಡುವ ನೀರು.

ಹಾಗಾದರೆ ನಿಶ್ಚಿಂತೆಯಾ? ತೆರೆದ ಬಾವಿಗೆ, ಅಬ್ಬಿಗೆ ಬಹುಮಟ್ಟಿಗೆ ಹೌದು. ಬೋರಿಗೆ ಪರೀಕ್ಷೆ ಮಾಡದೆ ಹೌದು ಅನ್ನಬಾರದು. ಬೋರು ಕೆಂಪುಕಲ್ಲು ದಾಟಿ, ಜೇಡಿ ದಾಟಿ, ಗಟ್ಟಿ ಬಂಡೆಯ ಬಿರುಕಿಗೆ ಬಾಯಿ ಹಾಕುತ್ತದೆ. ಅಲ್ಲಿರುವುದು ಬೇರೆಯದೇ ನೀರು. ಒಂದೇ ಅಂಗಳದ ಬಾವಿ ಮತ್ತು ಬೋರು ಎರಡು ಬೇರೆ ಊರಿನವರ ಹಾಗೆ ಇರಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪೂರ್ವಕ್ಕೆ ಮುಂಡಗೋಡ, ಹಳಿಯಾಳದ ಕಡೆ ಹೋದರಂತೂ ಮಳೆ ಕರಾವಳಿಯ ಅರ್ಧಕ್ಕೂ ಕಡಿಮೆ. ಅಲ್ಲಿನವರು "ನಮ್ಮದು ಮಲೆನಾಡು, ನಮಗೆಂತ ಫ್ಲೋರೈಡು" ಅಂತ ಕೂರುವುದು ಜಾಣತನ ಅಲ್ಲ.

ಈಗ ಲೆಕ್ಕಕ್ಕೆ ಬರೋಣ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ತನಕ ಫ್ಲೋರೈಡ್ ಇರಬಹುದು. ಬೇರೆ ನೀರಿನ ಮೂಲ ಇಲ್ಲವೇ ಇಲ್ಲ ಅಂದರೆ 1.5 ತನಕ ಸಹಿಸಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೂ 1.5. ಇದು ಎಷ್ಟು ಸಣ್ಣ ಲೆಕ್ಕ ಅಂದರೆ, ತಾರಸಿಯ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕಿ ಇದೆಯಲ್ಲ, ಅದರ ತುಂಬ ನೀರಿಗೆ ಒಂದೂವರೆ ಗ್ರಾಂ. ಅಡುಗೆಯ ಉಪ್ಪಾದರೆ ಟೀ ಚಮಚದ ಕಾಲು ಭಾಗ. ಅಷ್ಟರೊಳಗೆ ಒಳ್ಳೆಯದು-ಕೆಟ್ಟದರ ಗಡಿ ಕೂತಿದೆ.

ನಮ್ಮ ದೇಶ 1.5 ಅಂತ ಸುಮ್ಮನಾಗದೆ ಮೊದಲು 1 ಅಂತ ಯಾಕೆ ಇಟ್ಟುಕೊಂಡಿತು? ಇಲ್ಲೇ ವಿಷಯದ ತಿರುಳು ಇರುವುದು. ನೀರಿನಲ್ಲಿ ಎಷ್ಟಿದೆ ಅನ್ನುವುದು ಅರ್ಧ ಲೆಕ್ಕ. ಹೊಟ್ಟೆಗೆ ಎಷ್ಟು ಹೋಯಿತು ಅನ್ನುವುದು ಪೂರ್ತಿ ಲೆಕ್ಕ. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವ ದಿನಕ್ಕೆ ಎರಡು ಲೀಟರ್ ಕುಡಿದಾನು. 1.5ರ ನೀರಾದರೆ ಅವನಿಗೆ ಹೋಗುವುದು 3 ಮಿಲಿಗ್ರಾಂ. ರಾಯಚೂರಿನ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವಳು ಐದು ಲೀಟರ್ ಕುಡಿಯುತ್ತಾಳೆ. ಅದೇ ನೀರು, ಅವಳಿಗೆ 7.5 ಮಿಲಿಗ್ರಾಂ. ಮೇ ತಿಂಗಳ ಕಾರವಾರದ ಸೆಕೆಯಲ್ಲಿ ದೋಣಿ ಎಳೆಯುವವರೂ ಕಡಿಮೆ ಕುಡಿಯುವುದಿಲ್ಲ. ಅಮೆರಿಕದವರೂ ಇದನ್ನು ಅರಿತಿದ್ದರು. 1962ರಲ್ಲಿ ಅವರು ಮಾಡಿದ ಶಿಫಾರಸಿನಲ್ಲಿ ಊರಿನ ಬಿಸಿಲು ನೋಡಿ ಪ್ರಮಾಣ ಬದಲಾಗುತ್ತಿತ್ತು. ತಂಪು ಊರಿಗೆ 1.2, ಬಿಸಿ ಊರಿಗೆ 0.7. 2015ರಲ್ಲಿ ಎಲ್ಲ ಕಡೆಗೂ 0.7 ಅಂತ ಒಂದೇ ಮಾಡಿದರು.

ಕಾರವಾರದ ಹೆಸರು ಬಂತು ಅಂತ ಒಂದು ಮಾತು. ಸಮುದ್ರದ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಸುಮಾರು 1.3 ಮಿಲಿಗ್ರಾಂ. ಅಂದರೆ ಫ್ಲೋರೈಡ್ ಒಂದನ್ನೇ ನೋಡಿದರೆ 1.5ರ ಮಿತಿಯಲ್ಲಿ ಅರಬ್ಬೀ ಸಮುದ್ರವೂ ಪಾಸು! ನೀರಿನ ಬಗ್ಗೆ ಒಂದೇ ಸಂಖ್ಯೆ ಹಿಡಿದು ಮಾತಾಡುವವರಿಗೆ ನಾನು ಇದನ್ನೇ ಹೇಳುವುದು.

ಅಮೆರಿಕದವರು "ಶಿಫಾರಸು" ಮಾಡಿದರು ಅಂದೆನಲ್ಲ, ಅದು ಮಿತಿ ಅಲ್ಲ. ಅಷ್ಟು ಹಾಕಿ ಅಂತ ಹೇಳಿದ್ದು. ಅಲ್ಲಿ ಬಹಳ ಕಡೆ ಊರಿಗೆ ಬಿಡುವ ನೀರಿಗೆ ಫ್ಲೋರೈಡನ್ನು ಬೇಕಂತಲೇ ಸೇರಿಸುತ್ತಾರೆ. ಈ ಕತೆ ಶುರುವಾದದ್ದು ಹಲ್ಲಿನ ಕಲೆಯಿಂದ. ಕೊಲೊರಾಡೊ ಸ್ಪ್ರಿಂಗ್ಸ್ ಅನ್ನುವ ಊರಿಗೆ 1901ರಲ್ಲಿ ಬಂದ ಫ್ರೆಡೆರಿಕ್ ಮೆಕೇ ಎಂಬ ಹಲ್ಲಿನ ವೈದ್ಯ ಅಲ್ಲಿನವರ ಹಲ್ಲಿನ ಮೇಲೆ ಕಂದು ಕಲೆ ನೋಡಿ ಬೆರಗಾದ. ಇನ್ನೂ ಬೆರಗಿನ ವಿಷಯ, ಆ ಕಲೆಯ ಹಲ್ಲುಗಳು ಸುಲಭಕ್ಕೆ ಹುಳುಕು ಹಿಡಿಯುತ್ತಿರಲಿಲ್ಲ. ಕಾರಣ ನೀರಿನ ಫ್ಲೋರೈಡ್ ಅಂತ ಪತ್ತೆಯಾಗಲು 1931 ಬರಬೇಕಾಯಿತು. ಕಲೆ ಬೀಳದಷ್ಟು ಕಡಿಮೆ, ಹುಳುಕು ತಡೆಯುವಷ್ಟು ಜಾಸ್ತಿ, ಅಂಥ ಪ್ರಮಾಣ ಹುಡುಕಿ 1945ರ ಜನವರಿಯಲ್ಲಿ ಗ್ರ್ಯಾಂಡ್ ರಾಪಿಡ್ಸ್ ಊರಿನ ನೀರಿಗೆ ಮೊದಲ ಬಾರಿ ಹಾಕಿದರು.

ನಮ್ಮಲ್ಲಿ ಪತ್ತೆಯಾದ ರೀತಿಯೇ ಬೇರೆ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ ರೈತರು ಮೊದಲು ಗಮನಿಸಿದ್ದು ಎತ್ತುಗಳನ್ನು. ಕಾಲು ಬಿಗಿದು ಉಳುಮೆಗೆ ಬಾರದ ಎತ್ತುಗಳು. ಮನುಷ್ಯರಲ್ಲೂ ಅದೇ ರೋಗ ಇದೆ ಅಂತ 1937ರಲ್ಲಿ ವೈದ್ಯರು ದಾಖಲಿಸಿದರು. ಅಲ್ಲಿ ಹಲ್ಲು ಹುಳುಕದಿರಲಿ ಅಂತ ಫ್ಲೋರೈಡ್ ಸೇರಿಸುವ ಯೋಚನೆ, ಇಲ್ಲಿ ಬೆನ್ನು ಬಾಗದಿರಲಿ ಅಂತ ತೆಗೆಯುವ ಪಾಡು. ಭಾರತದಲ್ಲಿ ಕುಡಿಯುವ ನೀರಿಗೆ ಯಾರೂ ಫ್ಲೋರೈಡ್ ಸೇರಿಸುವುದಿಲ್ಲ. ಇದನ್ನು ಮರೆತರೆ ವಾಟ್ಸಾಪಿಗೆ ಬರುವ ಅಮೆರಿಕದ ವಿಡಿಯೊ ನಮ್ಮನ್ನು ದಾರಿ ತಪ್ಪಿಸುತ್ತದೆ.

ಅಲ್ಲಿ ಆದದ್ದು ಇಷ್ಟು. 2025ರಲ್ಲಿ ಯೂಟಾ, ಆಮೇಲೆ ಫ್ಲೋರಿಡಾ ರಾಜ್ಯಗಳು ಸಾರ್ವಜನಿಕ ನೀರಿಗೆ ಫ್ಲೋರೈಡ್ ಸೇರಿಸುವುದನ್ನು ಕಾನೂನು ಮಾಡಿ ನಿಲ್ಲಿಸಿದವು. ಇಡೀ ದೇಶ ಅಲ್ಲ. ಅದಕ್ಕೂ ಮೊದಲು, 2024ರಲ್ಲಿ, ಅಲ್ಲಿನ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದ ವರದಿ ಬಂದಿತ್ತು. ನೀರಿನಲ್ಲಿ ಫ್ಲೋರೈಡ್ 1.5ಕ್ಕಿಂತ ಜಾಸ್ತಿ ಇರುವ ಕಡೆ ಮಕ್ಕಳ ಬುದ್ಧಿಮಟ್ಟ ಸ್ವಲ್ಪ ಕಡಿಮೆ ಇರುವುದಕ್ಕೂ ಅದಕ್ಕೂ ನಂಟು ಇದೆ ಅಂತ ಅದು ಸಾಧಾರಣ ಭರವಸೆಯಿಂದ ಹೇಳಿತು. 0.7ರ ನೀರಿನ ಬಗ್ಗೆ ಹಾಗೆ ಹೇಳಲು ಆಧಾರ ಸಾಲದು ಅಂದಿತು. ಎಲ್ಲರ ಬಾಯಲ್ಲೂ ಪೇಸ್ಟ್ ಇರುವ ಈ ಕಾಲದಲ್ಲಿ ನೀರಿಗೆ ಸೇರಿಸಿ ಸಿಗುವ ಲಾಭ ಮೊದಲಿನಷ್ಟು ದೊಡ್ಡದಲ್ಲ ಅನ್ನುವ ವಾದವೂ ಇದೆ. ನನಗೆ ಕೇಳಿದರೆ ಆ ಜಗಳ ಅವರದು. ನಮಗೆ ಬೇಕಾದ ಸಂಖ್ಯೆ ಆ ವರದಿಯಲ್ಲೂ 1.5 ಅಂತಲೇ ಬಂದಿತಲ್ಲ, ಅದು ನೆನಪಿದ್ದರೆ ಸಾಕು.

ಹಲ್ಲಿಗೆ ಬರೋಣ. ನಾವು ತಿಂದ ಸಿಹಿಯನ್ನು ಬಾಯಿಯ ಕ್ರಿಮಿಗಳು ಹುಳಿ ಮಾಡುತ್ತವೆ. ಆ ಹುಳಿ ಹಲ್ಲಿನ ಮೇಲಿನ ಗಟ್ಟಿ ಪದರವನ್ನು ಕರಗಿಸುತ್ತದೆ. ಅಲ್ಲಿ ಒಂಚೂರು ಫ್ಲೋರೈಡ್ ಇದ್ದರೆ ಅದು ಪದರದೊಳಗೆ ಸೇರಿಕೊಂಡು ಅದನ್ನು ಇನ್ನೂ ಗಟ್ಟಿ ಮಾಡುತ್ತದೆ, ಸುಲಭಕ್ಕೆ ಕರಗಲು ಬಿಡುವುದಿಲ್ಲ. ಈ ಕೆಲಸ ಹೆಚ್ಚಾಗಿ ಆಗುವುದು ಹಲ್ಲಿನ ಮೇಲ್ಮೈಯಲ್ಲಿ. ನುಂಗಬೇಕಾಗಿಲ್ಲ. ಅದಕ್ಕೇ ಪೇಸ್ಟ್ ಉಗುಳಿದರೂ ಫಲ ಸಿಗುತ್ತದೆ.

ತೊಂದರೆ ಆಗುವುದು ಹಲ್ಲು ವಸಡಿನೊಳಗೆ ಇನ್ನೂ ತಯಾರಾಗುತ್ತಿರುವಾಗ, ಅಂದರೆ ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದ ತನಕ. ಆಗ ನೀರಿನಲ್ಲಿ ಜಾಸ್ತಿ ಫ್ಲೋರೈಡ್ ಹೋದರೆ ಪದರ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಸುಣ್ಣದ ಗೆರೆಯಂಥ ಬಿಳಿ ಪಟ್ಟೆ, ಜಾಸ್ತಿಯಾದರೆ ಹಳದಿ, ಕಂದು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಶಿರಸಿಯ ನಮ್ಮ ತೋಟಕ್ಕೆ ಮಣ್ಣು ಹಾಕಲು ಮುಂಡರಗಿ ಕಡೆಯಿಂದ ಒಂದು ತಂಡ ಬರುತ್ತಿತ್ತು. ಅವರಲ್ಲಿ ಹೆಚ್ಚಿನವರ ಹಲ್ಲು ಕಂದು. ನಾವು ಅಡಿಕೆ ಊರಿನವರು, ನಮಗೆ ಹಲ್ಲಿನ ಕಲೆ ಅಂದರೆ ಕವಳ, ಗುಟ್ಕಾ, ಅಷ್ಟೇ. "ಈ ಹುಡುಗರು ಎಷ್ಟು ಚಿಕ್ಕವರಿರುವಾಗಲೇ ಶುರು ಮಾಡಿದಾರೆ ನೋಡು" ಅಂತ ನಾನೂ ಆಡಿಕೊಂಡಿದ್ದೆ. ಒಂದು ದಿನ ಅವರ ಜೊತೆ ಬಂದ ಹತ್ತು ವರ್ಷದ ಹುಡುಗಿ ನಕ್ಕಾಗ ಗೊತ್ತಾಯಿತು. ಅವಳಿಗೂ ಅದೇ ಕಲೆ. ಕವಳದ ಕಲೆ ಹಲ್ಲಿನ ಮೇಲೆ ಕೂರುತ್ತದೆ, ಸಂದಿಯಲ್ಲಿ ದಟ್ಟ ಇರುತ್ತದೆ, ವೈದ್ಯರು ಕೆರೆದರೆ ಹೋಗುತ್ತದೆ. ಫ್ಲೋರೈಡಿನ ಕಲೆ ಹಲ್ಲಿನ ಒಳಗೇ ಇರುತ್ತದೆ. ಅಡ್ಡ ಗೆರೆ, ಎಡಕ್ಕಿದ್ದ ಹಾಗೆ ಬಲಕ್ಕೂ. ಉಜ್ಜಿದರೆ ಹೋಗುವುದಿಲ್ಲ. ಅವಳು ಮಾಡಿದ ತಪ್ಪೇನೂ ಇಲ್ಲ, ಊರಿನ ನೀರು ಕುಡಿದಿದ್ದಳು.

ಮೂಳೆಯ ವಿಷಯದಲ್ಲಿ ಆ ಮಾರಾಟದ ಹುಡುಗ ಹೇಳಿದ್ದು ತಿರುವುಮುರುವು. ಮೊದಲು ಮೂಳೆ ಸವೆಯುವುದಿಲ್ಲ, ದಪ್ಪವಾಗುತ್ತದೆ. ಒಳಗೆ ಹೋದ ಫ್ಲೋರೈಡಿನಲ್ಲಿ ಸುಮಾರು ಅರ್ಧವನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ, ಉಳಿದದ್ದು ಮೂಳೆಯಲ್ಲಿ ಸೇರುತ್ತದೆ. ಬೆಳೆಯುವ ಮಕ್ಕಳಲ್ಲಿ ಇನ್ನೂ ಜಾಸ್ತಿ ಸೇರುತ್ತದೆ. ವರ್ಷಗಟ್ಟಲೆ ಹೀಗಾದರೆ ಮೂಳೆ ಒರಟಾಗುತ್ತದೆ, ಕೀಲುಗಳ ಸುತ್ತಲಿನ ಸ್ನಾಯುಬಂಧವೂ ಸುಣ್ಣ ಕಟ್ಟಿ ಗಟ್ಟಿಯಾಗುತ್ತದೆ. ಮೊದಲು ಸೊಂಟನೋವು, ಬೆಳಿಗ್ಗೆ ಬಿಗಿತ. ಆಮೇಲೆ ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮೂಳೆಯ ತೊಂದರೆ ಕಾಣುವುದು ನೀರಿನಲ್ಲಿ 3ರಿಂದ 6 ಮಿಲಿಗ್ರಾಂ ಇದ್ದಾಗ. ಅಂಗವಿಕಲರಾಗುವಷ್ಟು ತೀವ್ರ ಆಗುವುದು 10 ದಾಟಿದ ಕಡೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಬೇಗ ತಾಗುತ್ತದೆ. ಗಟ್ಟಿಯಾದದ್ದನ್ನು ಮತ್ತೆ ಮೆತ್ತಗೆ ಮಾಡುವ ಔಷಧ ಇಲ್ಲ. ಅದಕ್ಕೇ ಕೇಂದ್ರ ಸರ್ಕಾರ 2008-09ರಲ್ಲಿ ಫ್ಲೋರೋಸಿಸ್, ಅಂದರೆ ಫ್ಲೋರೈಡಿನಿಂದ ಬರುವ ಈ ಹಲ್ಲು-ಮೂಳೆಯ ರೋಗದ ತಡೆಗೆ ಬೇರೆಯೇ ಕಾರ್ಯಕ್ರಮ ಶುರು ಮಾಡಿದ್ದು. ಅದರ ಮೂಲಮಂತ್ರ ಕೂಡ ಗುಳಿಗೆ ಅಲ್ಲ, ಬೇರೆ ನೀರು.

ನೀರಲ್ಲದೆ ಬೇರೆ ದಾರಿಯೂ ಇದೆ. ಚಹಾ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಗೆ ಎಳೆದುಕೊಳ್ಳುತ್ತದೆ. ಕಪ್ಪು ಚಾದಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟುವುದು ಮಾಮೂಲು. ದಿನಕ್ಕೆರಡು ಲೋಟಕ್ಕೆ ಏನೂ ಆಗುವುದಿಲ್ಲ, ನೀರೂ ಜಾಸ್ತಿ ಫ್ಲೋರೈಡಿನದಾದರೆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಇಲ್ಲಿ ನಮ್ಮ ಶಿರಸಿಯ ಕಷಾಯ ಗೆದ್ದಿತು. ಕೊತ್ತಂಬರಿ, ಜೀರಿಗೆಗೆ ಆ ಚಟ ಇಲ್ಲ.

ಪೇಸ್ಟಿನದು ಮಕ್ಕಳಿರುವ ಮನೆಯವರು ಗಮನಿಸಬೇಕಾದ ವಿಷಯ. ಸಾಮಾನ್ಯ ಫ್ಲೋರೈಡ್ ಪೇಸ್ಟಿನ ಒಂದು ಗ್ರಾಂನಲ್ಲಿ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಅಲೆಯ ಹಾಗೆ ಹಾಕಿ ತೋರಿಸುತ್ತಾರಲ್ಲ, ಅಷ್ಟನ್ನು ಮಗು ನುಂಗಿದರೆ 1 ಮಿಲಿಗ್ರಾಂನ ಒಂದು ಲೀಟರ್ ನೀರು ಕುಡಿದ ಹಾಗೇ ಆಯಿತು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರ ತನಕ ಬಟಾಣಿಯಷ್ಟು ಸಾಕು. ಉಗುಳಲು ಕಲಿಸಿ. ಪೇಸ್ಟೇ ಬೇಡ ಅಂತ ಬಿಸಾಡಬೇಡಿ. ನಮ್ಮ ಕಡೆ ನೀರಿನಲ್ಲಿ ಫ್ಲೋರೈಡ್ ಕಡಿಮೆ ಇರುವುದರಿಂದ ಹುಳುಕಿಗೆ ಅಡ್ಡ ನಿಲ್ಲುವುದು ಮುಖ್ಯವಾಗಿ ಅದೇ.

ಪರೀಕ್ಷೆ ಮಾಡಿಸುವುದು ದೊಡ್ಡ ಕೆಲಸ ಅಲ್ಲ. ಪಂಚಾಯಿತಿಗಳಿಗೆ ಜಲ ಜೀವನ ಮಿಷನ್‌ನಲ್ಲಿ ಸಣ್ಣ ಪರೀಕ್ಷಾ ಕಿಟ್ ಕೊಟ್ಟು, ಊರಿನ ಹೆಂಗಸರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ನೀರಿಗೆ ಹನಿ ಹಾಕಿ ಬಣ್ಣ ಹೋಲಿಸುವುದು. ಫ್ಲೋರೈಡ್ ಏರಿದ ಹಾಗೆ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ಕಿಟ್ ಅಂದಾಜು ಹೇಳುತ್ತದೆ, ಖಚಿತ ಬೇಕಾದರೆ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಬೇಕು. ಪಂಪು ಹತ್ತು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಹಿಡಿಯಿರಿ. ಗಾಜಿನದು ಬೇಡ, ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ. ಮಳೆಗಾಲದಲ್ಲಿ ತೆಗೆದ ಮಾದರಿ ನೋಡಿ ಖುಷಿಪಡಬೇಡಿ. ಏಪ್ರಿಲ್, ಮೇ ತಿಂಗಳದ್ದೇ ನಿಜವಾದ ಪರೀಕ್ಷೆ.

ಜಾಸ್ತಿ ಬಂದರೆ? ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ದಟ್ಟವಾಗುತ್ತದೆ. ಬಟ್ಟೆಯ ಸೋಸು, ಕ್ಯಾಂಡಲ್ ಫಿಲ್ಟರ್, ನೇರಳೆ ದೀಪದ ಫಿಲ್ಟರ್, ಯಾವುದೂ ಕೆಲಸಕ್ಕೆ ಬರುವುದಿಲ್ಲ. ಆರ್‌ಒ ಬಹುಪಾಲು ತೆಗೆಯುತ್ತದೆ, ಒಂದು ಕೊಡ ಕೊಟ್ಟು ಎರಡು-ಮೂರು ಕೊಡ ಚರಂಡಿಗೆ ಬಿಡುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು (ನೀರಿ) ಎಪ್ಪತ್ತರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನ ಇದೆ. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕದಡಿ, ಗಷ್ಟು ಕೂತ ಮೇಲೆ ತಿಳಿನೀರು ಬಸಿಯುವುದು. ಲೆಕ್ಕ ತಪ್ಪಿದರೆ ಅಲ್ಯೂಮಿನಿಯಂ ಉಳಿಯುತ್ತದೆ, ಮನೆಯಲ್ಲಿ ಅಂದಾಜಿಗೆ ಮಾಡುವ ಕೆಲಸ ಅಲ್ಲ. ನಮ್ಮ ಜಿಲ್ಲೆಯವರಿಗೆ ಬಯಲುಸೀಮೆಗೆ ಇಲ್ಲದ ಇನ್ನೊಂದು ಭಾಗ್ಯ ಇದೆ. ಬೆರೆಸುವುದು. ಬೋರಿನಲ್ಲಿ 1.6 ಇದ್ದು ಬಾವಿಯಲ್ಲಿ 0.2 ಇದ್ದರೆ, ಅರ್ಧ ಅರ್ಧ ಸೇರಿಸಿದಾಗ 0.9. ಚಾವಣಿಯ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನಬಹುದು. ಅದನ್ನು ಹಿಡಿದಿಟ್ಟವರಿಗೆ ಯಂತ್ರ ಯಾಕೆ?

ಅತ್ತೆಯ ಮನೆಯ ಎರಡೂ ನೀರನ್ನು ಮೇ ತಿಂಗಳಲ್ಲಿ ಪರೀಕ್ಷೆಗೆ ಕೊಟ್ಟೆವು. ಫ್ಲೋರೈಡ್ ಬೋರಿನದು 0.7, ಬಾವಿಯದು 0.2. ಎರಡೂ ಪಾಸು. ಅತ್ತೆಗೆ ಖುಷಿಯೋ ಖುಷಿ. "ನಾ ಹೇಳಿದ್ನಲ್ಲ, ನಮ್ಮ ಬಾವಿ ನೀರು ಅಮೃತ." ಪಂಚಾಯಿತಿಯ ಕಿಟ್ಟಿನಲ್ಲಿ ಕ್ರಿಮಿ ನೋಡುವ ಸಣ್ಣ ಸೀಸೆಯೂ ಇತ್ತು, ಕಪ್ಪಾದರೆ ನೀರಿನಲ್ಲಿ ಕ್ರಿಮಿ ಇದೆ ಅಂತ ಲೆಕ್ಕ. ಬಾವಿಯ ನೀರು ತುಂಬಿಸಿಟ್ಟಿದ್ದೆವು. ಎರಡನೇ ದಿನ ನೋಡಿದರೆ ಸೀಸೆ ಕಪ್ಪು. ಶೌಚಗುಂಡಿ ಬಾವಿಯಿಂದ ಹದಿನೈದು ಹೆಜ್ಜೆ ದೂರದಲ್ಲಿದೆ, ನಡುವೆ ಇರುವುದು ತೂತುತೂತಿನ ಕೆಂಪುಕಲ್ಲು. ಫ್ಲೋರೈಡ್ ನಿಲ್ಲದ ಆ ಕಲ್ಲಿನಲ್ಲಿ ಬಚ್ಚಲ ನೀರೂ ನಿಲ್ಲುವುದಿಲ್ಲ.

ಅತ್ತೆ ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಕಾಯಿಸಿದರೆ ಪ್ರಯೋಜನ ಇಲ್ಲ ಅಂದ್ಯಲ್ಲ?"

"ಅದು ಫ್ಲೋರೈಡಿಗೆ ಅತ್ತೆ. ಇದಕ್ಕೆ ಕಾಯಿಸಲೇಬೇಕು."

"ಸರಿ ಹೋಯ್ತು" ಅಂತ ಗೊಣಗುತ್ತಾ ಒಳಗೆ ಹೋಗಿ, ದೊಡ್ಡ ಪಾತ್ರೆ ಒಲೆಗೆ ಏರಿಸಿದರು.